ತಪ್ಪಿಗೊಂದು ಚಪ್ಪಾಳೆ

ಕಟಗೇರಿ ಮಾಸ್ತರು ಯಾವ ಮಗುವಿನ ಮೇಲೂ ಕೈ ಎತ್ತಿದವರಲ್ಲ. ಕಿವಿ ಹಿಂಡಲಿಲ್ಲ, ಮೊಣಕಾಲೂರಿಸಲಿಲ್ಲ, ಬೈದದ್ದು ಕೂಡ ಕಡಿಮೆ. ಅವರು ಚಪ್ಪಾಳೆ ಬಡಿಸುತ್ತಿದ್ದರು. ಮುಂಬೈಯ ಗೋರೆಗಾಂವ್ ಪೂರ್ವದಲ್ಲಿ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ಅವರ ಮನೆ. ಹೊರಕೋಣೆಯ ಚಾಪೆಯ ಮೇಲೆ ಹತ್ತು ಹನ್ನೆರಡು ಮಕ್ಕಳು ಕೂರಬೇಕು. ಒಬ್ಬರು ಎದ್ದು ನಿಂತು ಒಂದು ಪುಟ ಗಟ್ಟಿಯಾಗಿ ಓದಬೇಕು. ನಡುವೆ ಯಾರೂ ತಿದ್ದುವಂತಿಲ್ಲ, ನಗುವಂತಿಲ್ಲ. ಓದು ಮುಗಿದ ಮೇಲೆ ಎಷ್ಟು ತಪ್ಪು ಆಗಿದೆಯೋ ಅಷ್ಟು ಚಪ್ಪಾಳೆ. ಎಲ್ಲರೂ ಸೇರಿ, ಒಂದೊಂದಾಗಿ, ನಿಧಾನವಾಗಿ ಬಡಿಯಬೇಕು. ಓದಿದವರು ತಲೆ ಎತ್ತಿ ನಿಂತು ಕೇಳಿಸಿಕೊಳ್ಳಬೇಕು.

"ಹುಡುಗರನ್ನ ಬಡಿಯೋ ಮಾಸ್ತರಗ ಕಲಸ್ಲಿಕ್ಕೆ ಬರೂದಿಲ್ಲ ಅಂತ ಅರ್ಥ," ಎನ್ನುತ್ತಿದ್ದರು. "ನಾ ಏನ್ ಮಾಡ್ತೀನಿ? ಬರೇ ಲೆಕ್ಕಾ ಹೇಳ್ತೀನಿ."

ಕಿಟಕಿಗಳು ತೆರೆದೇ ಇರುತ್ತಿದ್ದುದರಿಂದ ಈ ಲೆಕ್ಕ ಇಡೀ ಬಿಲ್ಡಿಂಗಿಗೆ ಕೇಳುತ್ತಿತ್ತು. ತರಕಾರಿ ಹಿಡಿದು ಮೆಟ್ಟಿಲು ಹತ್ತುವ ಹೆಂಗಸರು, "ಈಗ ಒಂಬತ್ತು ಬಿತ್ತಲ್ಲ, ಯಾರಿಗೆ?" ಎಂದು ವಿಚಾರಿಸುತ್ತಿದ್ದರು. ನಮ್ಮಮ್ಮನೂ ವಿಚಾರಿಸುತ್ತಿದ್ದಳು, ನನಗಲ್ಲ ಎಂಬ ಖಾತ್ರಿಯಿಂದ. ಒಂದೂ ತಪ್ಪಿಲ್ಲದೆ ಓದಿದವರಿಗೆ ಏನು ಸಿಗುತ್ತಿತ್ತು ಎಂದರೆ, ಏನೂ ಇಲ್ಲ. ಮಾಸ್ತರು ಕೈಯಾಡಿಸಿ, "ಮುಂದ," ಎಂದು ಇನ್ನೊಬ್ಬರನ್ನು ಎಬ್ಬಿಸುತ್ತಿದ್ದರು. ಆ "ಮುಂದ"ಕ್ಕಾಗಿ ನಾವು ಸಾಯುತ್ತಿದ್ದೆವು.

ಅವರು ಧಾರವಾಡದ ಕಡೆಯವರು. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸಂಜೆ ಮನೆಗೆ ಬಂದು ಮಕ್ಕಳಿಗೆ ಇಂಗ್ಲಿಷು, ಗಣಿತ. ಭಾನುವಾರ ಬೆಳಿಗ್ಗೆ ಬಿಲ್ಡಿಂಗಿನ ಕನ್ನಡದ ಮಕ್ಕಳಿಗೆಲ್ಲ ಪುಕ್ಕಟೆಯಾಗಿ ಕನ್ನಡದ ಓದು. ಅವರ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಕೈಗೆ ಬಂದ ಯಾವ ಕಾಗದವೂ ಅಂಕ ಬೀಳದೆ ವಾಪಸು ಹೋದದ್ದಿಲ್ಲ. ಫೋರ್ಟಿನಲ್ಲಿ ಅವರು ಊಟ ಮಾಡುತ್ತಿದ್ದ ಉಡುಪಿ ಹೋಟೆಲಿನ ಮೆನು ಕಾರ್ಡನ್ನು ತಿದ್ದಿ, ಹತ್ತಕ್ಕೆ ನಾಲ್ಕು ಕೊಟ್ಟು, ಅಡಿಯಲ್ಲಿ ಸಹಿ ಮಾಡಿ ಗಲ್ಲಾದ ಮೇಲೆ ಇಟ್ಟು ಬಂದಿದ್ದರಂತೆ. ನಮ್ಮ ಚಿಕ್ಕಪ್ಪನ ಮಗಳ ಮದುವೆಯ ಕರೆಯೋಲೆ ಕೊಟ್ಟು ಬಂದ ಮೂರನೆಯ ದಿನ ಅದು ನಮ್ಮ ಬಾಗಿಲಿನ ಸಂದಿಯಿಂದ ಒಳಗೆ ಬಿತ್ತು. ಆರು ಅಂಕ, ಸುತ್ತ ಒಂದು ವೃತ್ತ, ಕೆಳಗೆ ಸಹಿ. ಅಪ್ಪ ಕೆಂಡವಾದರು. ಮಾಸ್ತರು ಮಾತ್ರ ಮದುವೆಗೆ ಎಲ್ಲರಿಗಿಂತ ಮೊದಲು ಬಂದು, ಪಂಕ್ತಿಯಲ್ಲಿ ಕೂತು ಚೆನ್ನಾಗಿ ಊಟ ಮಾಡಿ, ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಹರಸಿ ಹೋದರು.

ನಾನು ಇವತ್ತು ಅನ್ನ ತಿನ್ನುತ್ತಿರುವುದು ಅವರಿಂದ. ಗೋರೆಗಾಂವಿನ ಒಂದು ಸ್ಟುಡಿಯೋದಲ್ಲಿ ಜಾಹೀರಾತುಗಳಿಗೆ ಕನ್ನಡದ ಧ್ವನಿ ಕೊಡುತ್ತೇನೆ. ಮುಂಬೈಯಲ್ಲೇ ಹುಟ್ಟಿ ಬೆಳೆದವಳ ಉಚ್ಚಾರ ಇಷ್ಟು ಸ್ವಚ್ಛ ಹೇಗೆ ಎಂದು ಜನ ಕೇಳುತ್ತಾರೆ. ಚಪ್ಪಾಳೆಯ ಹೆದರಿಕೆ ಎಂದು ನಾನು ಹೇಳುವುದಿಲ್ಲ. ಮಾಸ್ತರ ಮೇಲೆ ನನಗೆ ಪ್ರೀತಿಯಿದೆ, ಅದೇ ನನ್ನ ತೊಂದರೆ. ಬರೀ ಸಿಟ್ಟಿದ್ದಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು.

ಮಾಸ್ತರಿಗೆ ಒಬ್ಬನೇ ಮಗ, ಶ್ರೀನಿವಾಸ. ನಮಗೆ ಸೀನ, ಮಾಸ್ತರಿಗೆ ಸೀನ್ಯಾ. ನನಗಿಂತ ಒಂದು ಕ್ಲಾಸು ಮುಂದೆ. ತಪ್ಪು ಎಣಿಸುವ ಕೆಲಸ ಮಾಸ್ತರು ಅವನಿಗೆ ಕೊಟ್ಟಿದ್ದರು. ಗೋಡೆಗೊರಗಿ ಕಣ್ಣು ಮುಚ್ಚಿ ಕೂರುತ್ತಿದ್ದ. ಯಾರಾದರೂ ಓದುವಾಗ ಒಂದು ಕಡೆ ತಡವರಿಸಿದರೂ, ಒಂದು ಪದ ನುಂಗಿದರೂ, ಅವನ ಬೆರಳು ಮಡಚಿಕೊಳ್ಳುತ್ತಿತ್ತು. ಕೊನೆಗೆ ಅವನು ಸಂಖ್ಯೆ ಹೇಳಿ ಮೊದಲ ಚಪ್ಪಾಳೆ ಬಡಿಯಬೇಕು, ಉಳಿದವರು ಸೇರಿಕೊಳ್ಳಬೇಕು. ಅವನ ಎಣಿಕೆಯನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಅವನು ತಾನೇ ಓದಲು ನಿಂತಾಗಲಂತೂ ಚಪ್ಪಾಳೆಯೇ ಇಲ್ಲ. ಗಂಟೆ ಬಾರಿಸಿದ ಹಾಗೆ ಓದಿ ಮುಗಿಸುತ್ತಿದ್ದ.

ಆದರೆ ಶಾಲೆಯಲ್ಲಿ ಅವನ ಅಂಕ ನೋಡುವ ಹಾಗಿರಲಿಲ್ಲ. ಉತ್ತರ ಪತ್ರಿಕೆಗಳು ಅರ್ಧ ಖಾಲಿ, ಅರ್ಧ ಕಾಗೆ ಕಾಲು. ಮಾಸ್ತರು ಇದಕ್ಕೆ ಒಂದೇ ಹೆಸರು ಇಟ್ಟಿದ್ದರು. "ಸೊಕ್ಕು," ಎನ್ನುತ್ತಿದ್ದರು. "ಓದ್ಲಿಕ್ಕೆ ಬರ್ತದ, ಬರೀಲಿಕ್ಕೆ ಮೈಗಳ್ಳತನ. ಎಲ್ಲಾ ಸೊಕ್ಕು."

ಅವನಿಗೆ ಚಪ್ಪಾಳೆ ಬೀಳುವುದಿಲ್ಲ ಎಂಬುದು ನನಗೆ ಸಹಿಸಲಾಗುತ್ತಿರಲಿಲ್ಲ. ಆಗ ನಾನು ಎಂಟನೆಯ ಕ್ಲಾಸು. ಒಂದು ಭಾನುವಾರ ಅವನು ಓದಲು ನಿಂತಾಗ ಪಕ್ಕದಲ್ಲೇ ಕೂತು ಅವನ ಬೆರಳನ್ನೇ ನೋಡುತ್ತಿದ್ದೆ. ಬೆರಳು ಸಾಲಿನ ಕೊನೆಗೆ ಬಂದು ನಿಂತರೂ ಮಾತು ಮುಂದೆ ಹೋಗುತ್ತಿತ್ತು. ಮಾತು ನಿಂತಾಗ ಬೆರಳು ಇನ್ನೆಲ್ಲೋ ಇತ್ತು. ನನಗೆ ಹೊಳೆದದ್ದು ಆಗ. ಎದ್ದು ನಿಂತು ಅವನ ಕೈಯಿಂದ ಪುಸ್ತಕ ಕಿತ್ತುಕೊಂಡೆ. ಪುಸ್ತಕ ಹೋದರೂ ಅವನ ಬಾಯಿಂದ ಅರ್ಧ ವಾಕ್ಯ ಹೊರಗೆ ಬಂತು.

"ಮಾಸ್ತರೇ, ಇವನು ಓದ್ತಾ ಇಲ್ಲ. ಬಾಯಿಪಾಠ ಒಪ್ಪಿಸ್ತಾ ಇದಾನೆ," ಎಂದೆ. ಇನ್ನೂ ಪಾಠವಾಗಿರದ ಮುಂದಿನ ಯಾವುದೋ ಪುಟ ತೆರೆದು ಅವನ ಮುಂದೆ ಹಿಡಿದೆ. "ಇದನ್ನ ಓದಲಿ ನೋಡೋಣ."

ನಂತರ ತಿಳಿದದ್ದು: ಶನಿವಾರ ಮಧ್ಯಾಹ್ನ ಅವನ ತಾಯಿ ಸುಧಾ ಕಾಕು ಅವನಿಗೆ ಮರುದಿನದ ಪಾಠವನ್ನು ಎರಡು ಸಲ ಓದಿ ಹೇಳುತ್ತಿದ್ದರು. ಎರಡು ಸಲ ಕೇಳಿದರೆ ಅವನಿಗೆ ಸಾಕು, ಪೂರ್ಣವಿರಾಮ ಸಹಿತ ನೆನಪು ಉಳಿಯುತ್ತಿತ್ತು.

"ಓದು," ಎಂದರು ಮಾಸ್ತರು.

ಸೀನ ಪುಟವನ್ನು ನೋಡಿದ. ಬಾಯಿ ತೆರೆದ, ಮುಚ್ಚಿದ. ಒಂದು ಅಕ್ಷರ ಹಿಡಿದು, ಬಿಟ್ಟು, ಮತ್ತೆ ಹಿಡಿದ. ಕಿವಿಗಳು ಕೆಂಪಾದವು. ಹಾಗೆಯೇ ಎಷ್ಟೋ ಹೊತ್ತು ನಿಂತ. ಕೊನೆಗೆ ಯಾರೋ ಚಿಕ್ಕ ಹುಡುಗಿ, "ಎಷ್ಟು ಬಡೀಬೇಕು ಮಾಸ್ತರೇ?" ಎಂದು ಕೇಳಿದಳು. ಎಣಿಸುವವನೇ ನಿಂತಿದ್ದನಲ್ಲ.

"ನಾ ಸಾಕ ಅನ್ನೂತನಕಾ," ಎಂದರು ಮಾಸ್ತರು.

ನಾವು ಬಡಿದೆವು. ಮಾಸ್ತರು ಸಾಕು ಅನ್ನಲಿಲ್ಲ. ಅಂಗೈ ಉರಿಯುವ ತನಕ ಬಡಿದೆವು. ಕೈಗೆ ಹತ್ತಿದ ಹಿಟ್ಟಿನ ಸಮೇತ ಸುಧಾ ಕಾಕು ಅಡುಗೆಮನೆಯಿಂದ ಬಂದು ನನ್ನೆರಡೂ ಮುಂಗೈ ಹಿಡಿದುಕೊಂಡಾಗಲೇ ಅದು ನಿಂತದ್ದು. ನಾನೇ ಎಲ್ಲರಿಗಿಂತ ಜೋರಾಗಿ ಬಡಿಯುತ್ತಿದ್ದೆ.

ಸೀನನ ಶಾಲೆಯಲ್ಲಿ ಒಬ್ಬರು ಕೌನ್ಸೆಲರ್ ಮೇಡಂ ಇದ್ದರು, ಎಲ್ಲರೂ ಅವರನ್ನು 'ಬಾಯಿ' ಎನ್ನುತ್ತಿದ್ದರು. ಅವರ ಮಾತು ಕೇಳಿ ಸುಧಾ ಕಾಕು ಮಾಸ್ತರಿಗೆ ಹೇಳದೆ ಸೀನನನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂದು ದಿನದ ಕೆಲಸವಲ್ಲ ಅದು. ಕಣ್ಣು, ಕಿವಿ, ಬುದ್ಧಿ, ಓದು, ಬರಹ, ಒಂದೊಂದರ ಪರೀಕ್ಷೆಗೆ ಒಂದೊಂದು ತಾರೀಖು. ತಿಂಗಳುಗಟ್ಟಲೆ ಓಡಾಡಿದರು. ಎಲ್ಲ ಮುಗಿದ ದಿನ ನಮ್ಮ ಅಡುಗೆಮನೆಗೆ ಬಂದು ಅಮ್ಮನ ಮುಂದೆ ಕೂತು ಅತ್ತರು.

"ಡಾಕ್ಟರ್ ಬಾಯಿ ಏನಂದ್ರು ಗೊತ್ತದ ಏನ್ರಿ? ಇಂವಾ ಹುಟ್ಟಾ ಹಿಂಗಽ ಅಂತ. ಅಕ್ಷರ ನೋಡಿ ಅದರ ಸಪ್ಪಳಾ ಹಚ್ಚೋ ದಾರಿ ಇವನ ಮೆದುಳಿನ್ಯಾಗ ಬ್ಯಾರೆ ಥರಾ ಬೆಳದದ ಅಂತ. ಬುದ್ಧಿ ಕಡಿಮಿ ಇಲ್ಲ, ಹತ್ತು ಮಂದಿಗಿಂತ ಹೆಚ್ಚಽ ಅದ ಅಂದ್ರು. ಆಲಸ್ಯಾನೂ ಅಲ್ಲ, ಸೊಕ್ಕೂ ಅಲ್ಲ. ಈ ವಯಸ್ಸಿನ್ಯಾಗ ಮೆದುಳು ಇನ್ನೂ ಬೆಳೀತಿರ್ತದ, ಅಂಜಿಸಿದ್ರ ಕಲಿಯೋದಿಷ್ಟೂ ಕಲಿಯಂಗಿಲ್ಲ ಅಂದ್ರು. ನಾವು ಇಷ್ಟು ವರ್ಷ ಅಂಜಿಸಿದ್ದಽ ಅಂಜಿಸಿದ್ದು."

ಅಮ್ಮ ಅವರಿಗೆ ಕಾಫಿ ಕೊಟ್ಟು, "ಸುಮ್ನಿರಿ ಸುಧಾ, ಈಗಲಾದ್ರೂ ಗೊತ್ತಾಯ್ತಲ್ಲ," ಎಂದಳು. ನನ್ನ ಕಡೆ ನೋಡಲಿಲ್ಲ.

ಆಸ್ಪತ್ರೆಯವರು ಒಂದು ಸರ್ಟಿಫಿಕೇಟು ಕೊಟ್ಟಿದ್ದರು. ಅದನ್ನು ತೋರಿಸಿದರೆ ಹತ್ತನೆಯ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ, ಪ್ರಶ್ನೆ ಓದಿ ಹೇಳಿ, ಸೀನ ಹೇಳಿದ್ದನ್ನು ಬರೆಯಲು ಒಬ್ಬರು ರೈಟರ್ ಸಿಗುತ್ತಾರೆ. ರೈಟರ್ ಆಗುವವರು ಅವನಿಗಿಂತ ಒಂದು ಕ್ಲಾಸು ಕೆಳಗಿರಬೇಕು. ಸೀನ ಹತ್ತರಲ್ಲಿದ್ದ, ನಾನು ಒಂಬತ್ತಕ್ಕೆ ಬಂದಿದ್ದೆ.

"ನೀ ಬರಿಯವಾ ಇವಗ," ಎಂದರು ಕಾಕು. "ನಿನ್ನ ಅಕ್ಷರ ಛಲೋ ಅವ."

ಪಶ್ಚಾತ್ತಾಪದಿಂದ ಒಪ್ಪಿದೆ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಹತ್ತನೆಯ ಪರೀಕ್ಷೆಯನ್ನು ಒಂದು ವರ್ಷ ಮುಂಚೆಯೇ ಬರೆಯುವ ಜಂಬ ಅದರಲ್ಲಿ ಹೆಚ್ಚಿತ್ತು.

ಎರಡು ತಿಂಗಳು ನಮ್ಮ ಮನೆಯಲ್ಲಿ ಅಭ್ಯಾಸ ಮಾಡಿದೆವು. ಅವನು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಇತಿಹಾಸ, ವಿಜ್ಞಾನ, ಭೂಗೋಳ, ಯಾವುದನ್ನು ಕೇಳಿದರೂ ಉತ್ತರ ತಯಾರು. ಕಣ್ಣು ಮುಚ್ಚಿ, "ಫುಲ್‌ಸ್ಟಾಪ್. ಮುಂದಿನ ಪ್ಯಾರಾ," ಎನ್ನುತ್ತಿದ್ದ. ಒಮ್ಮೆ ಒಳ್ಳೆಯವಳಾಗಲು ಹೋಗಿ ಅವನು ಬಿಟ್ಟ ಒಂದು ಅಂಶವನ್ನು ನಾನೇ ಸೇರಿಸಿದೆ. ಓದಿ ಹೇಳುವಾಗ ಅವನಿಗೆ ತಿಳಿದುಹೋಯಿತು.

"ಅದು ನಂದಲ್ಲ. ಹೊಡದ್ಹಾಕು," ಎಂದ.

"ಸರಿಯಾದ ಉತ್ತರ ಕಣೋ."

"ಇರಲಿ. ನಂದಲ್ಲ."

ಅವನಿಗೆ ಹತ್ತನೆಯದು ಪಾಸಾಗಿ ಒಂದು ಕೋರ್ಸು ಸೇರಬೇಕಿತ್ತು. ಸ್ಟುಡಿಯೋಗಳಲ್ಲಿ ಧ್ವನಿ ಮುದ್ರಿಸುವ ಕೋರ್ಸು. ಅಲ್ಲಿ ಕಿವಿ ಚೆನ್ನಾಗಿದ್ದರೆ ಸಾಕು, ಬರೆಯುವುದೇನೂ ಹೆಚ್ಚಿಲ್ಲ, ಆದರೆ ಒಳಗೆ ಸೇರಿಸಿಕೊಳ್ಳಲು ಹತ್ತನೆಯ ಮಾರ್ಕ್‌ಶೀಟು ಬೇಕು ಎಂದು ಯಾರೋ ಹೇಳಿದ್ದರು. "ಪಾಸ್ ಆದ್ರ ಸಾಕಲೇ, ಫಸ್ಟ್ ಕ್ಲಾಸ್ ಯಾರಿಗೆ ಬೇಕು," ಎನ್ನುತ್ತಿದ್ದ. ನನಗಿಂತ ಅವನು ಚೆನ್ನಾಗಿ ಪಾಸಾಗುತ್ತಾನೆ ಎಂದು ನನಗೆ ಆಗಲೇ ಗೊತ್ತಿತ್ತು.

ಉಳಿದದ್ದು ಒಂದೇ. ಶಾಲೆಯ ಮೂಲಕ ಕಳಿಸುವ ಅರ್ಜಿಗೆ ತಂದೆಯ ಸಹಿ ಬೇಕಿತ್ತು. ಒಂದು ಭಾನುವಾರ ಬೆಳಿಗ್ಗೆ, ಕ್ಲಾಸು ಶುರುವಾಗುವ ಮುಂಚೆ, ಸುಧಾ ಕಾಕು ಅರ್ಜಿಯನ್ನೂ ಸರ್ಟಿಫಿಕೇಟನ್ನೂ ಮಾಸ್ತರ ಮುಂದೆ ಇಟ್ಟರು. ನಾನೂ ಸೀನನೂ ಬಾಗಿಲ ಹತ್ತಿರ ನಿಂತಿದ್ದೆವು. ಮಾಸ್ತರು ಸರ್ಟಿಫಿಕೇಟನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಜೇಬಿಗೆ ಕೈ ಹಾಕಿದರು. ಸಹಿ ಮಾಡುತ್ತಾರೆ ಅಂದುಕೊಂಡೆವು.

ಸರ್ಟಿಫಿಕೇಟಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕೆಂಪು ಗೆರೆ ಎಳೆದರು. ಅದರ ಮೇಲೆ ಅಡ್ಡಲಾಗಿ ಇನ್ನೊಂದು. ಬದಿಗೆ ಸೊನ್ನೆ ಬರೆದರು, ಸುತ್ತ ವೃತ್ತ ಹಾಕಿದರು, ಕೆಳಗೆ ಸಹಿ ಮಾಡಿದರು.

"ನಮ್ಮ ಮುತ್ತಜ್ಜಂದು ಕುಲಕರ್ಣಿಕಿ, ನಮ್ಮಜ್ಜಂದು ಕುಲಕರ್ಣಿಕಿ," ಎಂದರು. "ನಮ್ಮಪ್ಪ ಸಾಲಿ ಮಾಸ್ತರ. ಅಕ್ಷರದ ಮ್ಯಾಲೆ ಉಂಡ ಮನಿ ಇದು. ಇದರಾಗ ಓದ್ಲಿಕ್ಕೆ ಬರಲಾರದಾಂವ ಹುಟ್ಟಂಗಿಲ್ಲ. ಈ ಕಾಗದ ಸುಳ್ಳು. ಕೂಡ್ರಿ ಎಲ್ಲಾರೂ, ಪಾಠ ತಗೀರಿ."

ಕಾಕು ಆ ಕೆಂಪು ಶಾಯಿಯನ್ನು ಹತ್ತಿಯಿಂದ ಒರೆಸಿ ನೋಡಿದರು, ನಿಂಬೆರಸ ಹಚ್ಚಿ ನೋಡಿದರು. ಕಾಗದ ತೂತಾಯಿತು. ಹಾಗೆಯೇ ಶಾಲೆಗೆ ಒಯ್ದರೆ ಅಲ್ಲಿನ ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು, "ಹೇ ಚಾಲಣಾರ್ ನಾಹೀ ವಹಿನಿ," ಎಂದು ಮರಾಠಿಯಲ್ಲಿ ಹೇಳಿ ವಾಪಸು ಕೊಟ್ಟ. ಗೀಚಿದ ಸರ್ಟಿಫಿಕೇಟು ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ಹೊಸದಕ್ಕೆ ಓಡಾಡಿದರು, ಅದು ಕೈಗೆ ಬರುವ ಮೊದಲೇ ಅರ್ಜಿಯ ಕೊನೆಯ ದಿನ ಮುಗಿದುಹೋಯಿತು. ಮಾಸ್ತರು ಬೇಕೆಂದೇ ಹಾಗೆ ಮಾಡಿದರೋ, ಕೈ ಅಭ್ಯಾಸಬಲದಿಂದ ಹೋಯಿತೋ ಎಂದು ಬಿಲ್ಡಿಂಗಿನಲ್ಲಿ ಎಷ್ಟೋ ದಿನ ಚರ್ಚೆ ನಡೆಯಿತು. ಅಭ್ಯಾಸಬಲ ಎಂದೇ ನಾನು ನಂಬಿಕೊಂಡೆ. ಹಾಗೆ ನಂಬಿದರೆ ಮರುದಿನ ಮತ್ತೆ ಅವರ ಕ್ಲಾಸಿಗೆ ಹೋಗಿ ಕೂರಬಹುದಿತ್ತು.

ಸೀನ ಒಬ್ಬನೇ ಪರೀಕ್ಷೆ ಬರೆದ. ಪ್ರಶ್ನೆಪತ್ರಿಕೆಯನ್ನೇ ಓದಲಾಗದವನು ಏನು ಬರೆದಾನು? ಮಾರ್ಕ್‌ಶೀಟು ಬಂದ ದಿನ ಮಾಸ್ತರು ಅದನ್ನು ಕ್ಲಾಸಿಗೆ ತಂದು ನನ್ನ ಕೈಗೆ ಕೊಟ್ಟರು.

"ಓದವಾ, ಗಟ್ಟಿಯಾಗಿ."

ಓದಿದೆ. ನಾಲ್ಕು ವಿಷಯಗಳಲ್ಲಿ ಫೇಲು. ನನ್ನ ಉಚ್ಚಾರ ಅವತ್ತೂ ಸ್ಪಷ್ಟವಾಗಿತ್ತು. ಮಾಸ್ತರು ಗೋಡೆಗೊರಗಿದ್ದ ಮಗನ ಕಡೆ ನೋಡಿದರು.

"ಎಷ್ಟಲೇ?"

"ನಾಲ್ಕು," ಎಂದ ಸೀನ. ಅವನೇ ಮೊದಲ ಚಪ್ಪಾಳೆ ಬಡಿದ. ನಾವು ಸೇರಿಕೊಂಡೆವು.

ಅದೇ ವಾರ ಅವನು ಮನೆ ಬಿಟ್ಟ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ರಟ್ಟಿನ ಡಬ್ಬ ಮಾಡುವ ಒಂದು ಗಾಳಾದಲ್ಲಿ, ಅಂದರೆ ಒಂದೇ ಕೋಣೆಯ ಸಣ್ಣ ಕಾರ್ಖಾನೆಯಲ್ಲಿ, ಕೆಲಸಕ್ಕೆ ಸೇರಿದ. ಇವತ್ತಿಗೂ ಅಲ್ಲೇ ಇದ್ದಾನೆ, ರಟ್ಟು ಕತ್ತರಿಸುವ ಮಷೀನಿನ ಮೇಲೆ. ಆ ಸದ್ದಿನಲ್ಲಿ ಒಂದು ಕಿವಿ ಮಂದವಾಗಿದೆ. ತಾಯಿ ಇರುವ ತನಕ, ಮಾಸ್ತರು ಫೋರ್ಟಿಗೆ ಹೋದ ಹೊತ್ತು ನೋಡಿಕೊಂಡು ಬಂದು ಹೋಗುತ್ತಿದ್ದ. ಸುಧಾ ಕಾಕು ತೀರಿಕೊಂಡ ಮೇಲೆ ಅದೂ ನಿಂತಿತು. ಆಗ ಮಾಸ್ತರು ಮಗನಿಗೆ ಕಾಗದ ಬರೆಯಲು ಶುರು ಮಾಡಿದರು. ಎರಡೇ ಸ್ಟೇಷನ್ ಆಚೆ ಇರುವ ಮಗನಿಗೆ, ಓದಲು ಬಾರದ ಮಗನಿಗೆ, ಅಂಚೆಯಲ್ಲಿ, ವಾರಕ್ಕೊಂದು.

ಒಮ್ಮೆ ನಾನು ಗಾಳಾಕ್ಕೆ ಹೋಗಿದ್ದಾಗ ಸೀನ ಅವನ್ನು ತೋರಿಸಿದ. ಒಂದು ರಟ್ಟಿನ ಡಬ್ಬದ ತುಂಬ ಕಾಗದ, ಒಂದನ್ನೂ ಒಡೆದಿಲ್ಲ.

"ಕೊಡು, ನಾನು ಓದಿ ಹೇಳ್ತೀನಿ. ನಾನು ನಿನ್ನ ರೈಟರ್ ತಾನೆ," ಎಂದೆ.

"ಛೋಡ್ ಯಾರ್," ಎಂದ. "ನೀ ಓದಬ್ಯಾಡ. ಹೇಳೂದಿದ್ರ ಅಂವಾ ಬಾಯಿಲೆ ಹೇಳಲಿ. ನನಗ ಇನ್ನೂ ಒಂದು ಕಿವಿ ಅದ."

ಮಾಸ್ತರು ತೀರಿಕೊಳ್ಳುವ ಎರಡು ತಿಂಗಳ ಮುಂಚೆ, ಒಂದು ಭಾನುವಾರ ಬೆಳಿಗ್ಗೆ, ಅವರನ್ನು ಕೊನೆಯ ಸಲ ನೋಡಿದೆ. ಕ್ಲಾಸು ಮುಚ್ಚಿ ವರ್ಷಗಳಾಗಿದ್ದವು. ಯಾರೋ ಒಬ್ಬ ತಾಯಿ ಚಪ್ಪಾಳೆಯ ವಿಡಿಯೋ ಮಾಡಿ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ ಮೇಲೆ ಮಕ್ಕಳು ಬರುವುದು ನಿಂತಿತ್ತು. ಮಾಸ್ತರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಒಪ್ಪಿರಲಿಲ್ಲ. ಮೇಜಿನ ಮೇಲೆ ಆ ವಾರದ ಕಾಗದವಿತ್ತು, ಪೊರೆಗಣ್ಣಿನಲ್ಲೂ ಸಾಲು ಸೊಟ್ಟಗಾಗದಂತೆ ಬರೆದದ್ದು. ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು.

ನನಗೆ ತಡೆಯಲಾಗಲಿಲ್ಲ. "ಅವನು ಇದನ್ನ ಓದೋದಿಲ್ಲ ಮಾಸ್ತರೇ. ಅವನಿಗೆ ಓದೋಕೆ ಬರೋದಿಲ್ಲ. ಇಷ್ಟು ವರ್ಷ ಆದ್ರೂ ನೀವು ಅದನ್ನ ಒಪ್ಪಿಕೊಂಡಿಲ್ಲ. ಬಾಯಲ್ಲಿ ಹೇಳಿ ಅಂತಾನೆ."

"ಬಾಯಿಲೆ ನನಗ ಬರೂದಿಲ್ಲವಾ," ಎಂದರು. "ಬರದದ್ದಽ ಬರದದ್ದು."

"ಹಾಗಾದ್ರೆ ಬರೆದದ್ದನ್ನೇ ಓದಿ. ನೀವೇ ಓದಿ."

ಅವರು ಬೇಡ ಅನ್ನುವುದರೊಳಗೆ ನಾನು ಸೀನನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಮೇಜಿನ ಮೇಲೆ ಇಟ್ಟೆ. "ಸೀನ, ನಿಮ್ಮಪ್ಪ ಓದ್ತಾರೆ, ಕೇಳು," ಎಂದೆ. ಆ ಕಡೆ ಮಷೀನು ನಿಂತ ಸದ್ದು.

ಮಾಸ್ತರು ಎದ್ದು ನಿಂತರು. ಓದುವವರು ನಿಂತೇ ಓದಬೇಕು ಎಂಬುದು ಅವರದೇ ನಿಯಮ. ನನ್ನ ಕೈಯಿಂದ ಕಾಗದವನ್ನು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು.

"ಚಿರಂಜೀವಿ ಶ್ರೀನಿವಾಸನಿಗೆ ಆಶೀರ್ವಾದಗಳು. ಆ ದಿನ ನಿನ್ನ ಸರ್ಟಿಫಿಕೇಟಿನ ಮೇಲೆ..." ನಿಂತರು. ಸಾಲು ತಪ್ಪಿತ್ತು. ಹಿಂದೆ ಹೋಗಿ ಹಿಡಿದರು. "...ಮೇಲೆ ಗೆರೆ ಎಳೆದಾಗ ಅದು ಕೆಟ್ಟುಹೋಗುವುದೆಂದು ನನಗೆ ಗೊತ್ತಿತ್ತು. ಕಚೇರಿಯಲ್ಲಿ ಮೂವತ್ತು ವರ್ಷ ಕಾಗದಗಳ ನಡುವೆ ಇದ್ದವನಿಗೆ ಇದು ಗೊತ್ತಿರಲಿಲ್ಲವೆಂದು ಹೇಳಲಾರೆ. ಓದು ಬಾರದ ಮಗ ಎಂದು ಕಾಗದದ ಮೇಲೆ..." ಒಂದು ಪದ ನುಂಗಿದರು, ಬಿಟ್ಟು ಮುಂದೆ ಹೋದರು. "...ನೋಡಲು ನನ್ನಿಂದ ಆಗಲಿಲ್ಲ. ನೀನು ಪಾಸಾಗುತ್ತಿದ್ದೆ. ಇದು ನಿನ್ನ ತಪ್ಪು..." ಕಾಗದವನ್ನು ಇನ್ನೂ ಹತ್ತಿರ ತಂದು ತಿದ್ದಿ ಓದಿದರು. "ನನ್ನ ತಪ್ಪು. ನಿನ್ನ ತಂದೆ."

ಗೊತ್ತಿತ್ತು ಎಂಬ ಆ ಒಂದು ಪದದ ಮೇಲೆಯೇ ನಾನು ನಿಂತುಬಿಟ್ಟಿದ್ದೆ. ಮಾಸ್ತರು ತಲೆ ಎತ್ತಿ, ಕೈಗಳನ್ನು ಇಳಿಬಿಟ್ಟು, ಫೋನಿನ ಕಡೆ ಮುಖ ಮಾಡಿ ನಿಂತೇ ಇದ್ದರು.

ಫೋನಿನಿಂದ ಒಂದು ಚಪ್ಪಾಳೆ ಕೇಳಿಸಿತು. ಸ್ವಲ್ಪ ಬಿಟ್ಟು ಇನ್ನೊಂದು. ಮತ್ತೆ ಸ್ವಲ್ಪ ಬಿಟ್ಟು, ಅಷ್ಟೇ ನಿಧಾನವಾಗಿ, ಮೂರನೆಯದು.

ಮಾಸ್ತರು ಮೆಲ್ಲಗೆ ಕುರ್ಚಿ ತಡವಿ ಕೂತರು. ಕಾಗದವನ್ನು ನಾಲ್ಕು ಮಡಿಕೆ ಮಾಡಿದರು.

"ಬರೋಬ್ಬರಿ ಅದ. ಮೂರಽ ಆಗಿದ್ವು," ಎಂದರು. "ಎಣಸೂದ್ರಾಗ ನಮ್ಮ ಸೀನ್ಯಾ ಎಂದೂ ತಪ್ಪಿದಾಂವಲ್ಲ. ಅವನಂಥಾ ಕಿವಿ ನಾ ಯಾರದೂ ನೋಡಲಿಲ್ಲ."

ಅವರು ಮಗನನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಷ್ಟರಲ್ಲಿ ಫೋನ್ ಕಟ್ಟಾಗಿತ್ತು.